ಕುಳಿಯಲ್ಲಿ ಸಿಕ್ಕ ಹಸಿರು ಕಣ

2006ರ ಫೆಬ್ರುವರಿ 13, ಸೋಮವಾರ. ಬೆಳಿಗ್ಗೆ 7.40ಕ್ಕೆ ಮೇಡ್ಲೇರಿ ಕಡೆಯ ಟೆಂಪೊ ಒಂದು ರಾಣೇಬೆನ್ನೂರು ಗ್ರಾಮೀಣ ಠಾಣೆಯ ಮುಂದೆ ನಿಂತಿತು. ಇಳಿದವರು ಹನ್ನೊಂದು ಜನ. ಇಷ್ಟು ಜನ ಒಟ್ಟಿಗೆ ಠಾಣೆಗೆ ಬಂದರೆ ಒಂದೋ ಹೊಡೆದಾಟ ಆಗಿರುತ್ತದೆ, ಇಲ್ಲವೇ ಆಗುವುದರಲ್ಲಿರುತ್ತದೆ. ಹೆಡ್ ಕಾನ್‌ಸ್ಟೆಬಲ್ ಫಕ್ರುದ್ದೀನ ಚಹಾದ ಲೋಟ ಕೆಳಗಿಟ್ಟು, ಲಾಠಿ ಎಲ್ಲಿದೆ ಎಂದು ಒಮ್ಮೆ ನೋಡಿಕೊಂಡ.

ಲಾಠಿ ಬೇಕಾಗಲಿಲ್ಲ. ಮುಂದೆ ಬಂದವರು ವಿರೂಪಾಕ್ಷಪ್ಪ ಮಾಸ್ತರರು. ಮಡುವಿನಹಾಳದ ಶಾಲೆಯಲ್ಲಿ ಮೂವತ್ತು ವರ್ಷ ಕಲಿಸಿ ನಿವೃತ್ತರಾದವರು, ಈಗ ಅದೇ ಊರಿನ ಹೊಳೆದಂಡೆ ಅಡವಿ ಉಳಿಸುವ ಸಮಿತಿಯ ಅಧ್ಯಕ್ಷರು.

"ಕಲ್ಲು ಕಳುವಾಗೇತ್ರಿ."

"ಎಂಥಾ ಕಲ್ಲು? ಮನಿ ಕಟ್ಟೂದೇನು?" ಫಕ್ರುದ್ದೀನ ಕೇಳಿದ.

"ಶಾಸನದ ಕಲ್ರಿ. ಎಂಟ್ನೂರು ವರ್ಷದ್ದು."

ಪಿಎಸ್‌ಐ ಅಂದಾನೆಪ್ಪ ಎಲ್ಲರನ್ನೂ ಒಳಗೆ ಕರೆದು ಕೂರಿಸಿದರು. ಕುರ್ಚಿ ಇದ್ದದ್ದು ಐದು, ಉಳಿದವರು ಗೋಡೆಗೆ ಆತು ನಿಂತರು. ಮಾಸ್ತರರು ಪಾಠ ಒಪ್ಪಿಸುವವರ ಹಾಗೆ ಒಂದೊಂದೇ ಹೇಳಿದರು, ರೈಟರ್ ಬರೆದುಕೊಂಡ.

ಊರಿನ ಪಕ್ಕದಲ್ಲಿ ತುಂಗಭದ್ರೆಯ ದಂಡೆಗೆ ಮೂವತ್ತೆಂಟು ಎಕರೆ ಅಡವಿ. ಹೊಳೆಮತ್ತಿ, ಹೊಂಗೆ, ಹುಣಸೆ ಮರಗಳು, ಮಡುವಿನಲ್ಲಿ ನೀರುನಾಯಿಗಳು. ಸರ್ಕಾರದ ಕಾಗದದಲ್ಲಿ ಅದು ಬರೀ ಬೀಳು ಜಮೀನು. ಅಲ್ಲಿ ರೆಸಾರ್ಟು, ದೋಣಿ ವಿಹಾರ ಮಾಡುತ್ತೇವೆಂದು ಹೊರಗಿನ ಕಂಪನಿಯೊಂದು ಅರ್ಜಿ ಹಾಕಿತ್ತು. ಊರವರು ತಕರಾರು ಸಲ್ಲಿಸಿದ್ದರು. ಅವರ ಕೈಯಲ್ಲಿದ್ದ ಒಂದೇ ಆಧಾರ ಅಡವಿಯ ನಡುವೆ ನಿಂತಿದ್ದ ಆ ಕಲ್ಲು. ಈ ತೋಪನ್ನು ಊರಿಗೂ ಹೊಳೆಗೂ ಬಿಟ್ಟುಕೊಟ್ಟಿದೆ, ಯಾರೂ ಕಡಿಯಬಾರದು ಎಂದು ಅದರ ಏಳು ಸಾಲಿನಲ್ಲಿ ಕೊರೆದಿತ್ತು. ಹಾವೇರಿಯ ಕಾಲೇಜಿನ ಉಪನ್ಯಾಸಕರೊಬ್ಬರು ಬಂದು ಓದಿಕೊಟ್ಟಿದ್ದರು. ಶುಕ್ರವಾರ, 17ನೇ ತಾರೀಖು ಮಧ್ಯಾಹ್ನ ಮೂರಕ್ಕೆ ಜಂಟಿ ಸರ್ವೆ. ಅಂದು ಕಲ್ಲು ಜಾಗದಲ್ಲಿದ್ದರೆ ದಾಖಲೆಗೆ ಹೋಗುತ್ತದೆ, ಇಲ್ಲದಿದ್ದರೆ ಅಡವಿ ಬೀಳು ಜಮೀನಾಗಿಯೇ ಕಂಪನಿಯ ಪಾಲಾಗುತ್ತದೆ.

"ಕಡೇಕ ನೋಡಿದ್ದು ಯಾವಾಗ?" ಅಂದಾನೆಪ್ಪ ಕೇಳಿದರು.

"ನಿನ್ನೆ ಮುಂಜಾನೆ ಎಂಟಕ್ಕರಿ. ಸಂಜಿ ಐದಕ್ಕ ಹೋದ್ರ ಬರೇ ಕುಳಿ."

"ಕಾವಲು ಇರಲಿಲ್ಲೇನು?"

"ದಿನಾ ಒಂದು ಮನಿ ಕಾಯತೈತ್ರಿ, ಪಾಳಿ ಮ್ಯಾಲೆ. ನಿನ್ನೆ ಮೇಡ್ಲೇರ್ಯಾಗ ಮದುವಿ. ಊರಿಗೆ ಊರ ಅಲ್ಲಿತ್ತು."

"ಯಾರ ಮ್ಯಾಲೆ ಸಂಶಯ?"

ಕೂತವರು, ನಿಂತವರು ಒಂದೇ ಬಾಯಿಂದ ಹೇಳಿದರು. "ಕೊಟ್ರೇಶ!"

ಕೊಟ್ರೇಶ ಎಂದರೆ ಕಂಪನಿಯ ಹಾವೇರಿ ಕಚೇರಿಯ ಮೇಲ್ವಿಚಾರಕ. ಎಫ್‌ಐಆರ್ ದಾಖಲಾಯಿತು, ಭಾರತೀಯ ದಂಡ ಸಂಹಿತೆ ಕಲಂ 379. ಸಮಯ 9.15. ಎಂಟುನೂರು ವರ್ಷದ ಕಲ್ಲಿಗೆ ಬೆಲೆ ಎಷ್ಟು ಬರೆಯಬೇಕೆಂದು ರೈಟರ್ ಕೇಳಿದ. ಯಾರಿಗೂ ಗೊತ್ತಿರಲಿಲ್ಲ. ಆ ಜಾಗ ಖಾಲಿ ಉಳಿಯಿತು.

ಹನ್ನೊಂದೂವರೆಗೆ ಜೀಪು ಮಡುವಿನಹಾಳ ಮುಟ್ಟಿತು. ಸಮಿತಿಯವರು ಬುದ್ಧಿವಂತರು, ಕುಳಿಯ ಸುತ್ತ ಹಗ್ಗ ಕಟ್ಟಿ ಒಬ್ಬರನ್ನೂ ಹತ್ತಿರ ಬಿಟ್ಟಿರಲಿಲ್ಲ. ಟ್ರ್ಯಾಕ್ಟರಿನ ಗಾಲಿ ಗುರುತುಗಳು ಇದ್ದವು. ಆದರೆ ಆ ದಾರಿಯಲ್ಲಿ ದಿನವೂ ಟ್ರ್ಯಾಕ್ಟರ್ ಓಡಾಡುತ್ತದೆ. ನಿನ್ನೆಯಂತೂ ಗುಡದಪ್ಪನ ಟ್ರ್ಯಾಕ್ಟರ್ ಮದುವೆಯ ಜನರನ್ನು ಹೇರಿಕೊಂಡು ಬೆಳಗಿನಿಂದ ಸಂಜೆವರೆಗೆ ಹೋಗಿ ಬಂದು ಮಾಡಿತ್ತು. ಗುಡದಪ್ಪ ಸಮಿತಿಯ ಸದಸ್ಯ, ಬೆಳಿಗ್ಗೆ ಠಾಣೆಗೂ ಬಂದಿದ್ದ. ಹನ್ನೊಂದು ಜನರಲ್ಲಿ ಕೊಟ್ರೇಶನ ಹೆಸರು ಹೇಳದೆ ಸುಮ್ಮನಿದ್ದವನು ಅವನೊಬ್ಬನೇ ಎಂಬುದು ಅಂದಾನೆಪ್ಪನವರಿಗೆ ಆಮೇಲೆ ನೆನಪಾಯಿತು. ಆಗ ಗಮನಕ್ಕೆ ಬರಲಿಲ್ಲ. ಪೊಲೀಸರೂ ಮನುಷ್ಯರೇ.

ಪಂಚರ ಎದುರಿಗೆ ಕುಳಿಯ ಸಡಿಲ ಮಣ್ಣು ತೆಗೆಸಿದರು. ಒಂದೂವರೆ ಅಡಿ ಕೆಳಗೆ ಹಸಿರು ಬಟ್ಟೆ ಕಂಡಿತು. ಮಹಿಳಾ ಕಾನ್‌ಸ್ಟೆಬಲ್ ಶ್ವೇತಾ ಕುಳಿಗೆ ಇಳಿದು ಮೆಲ್ಲಗೆ ಎತ್ತಿದಳು. ಅದೊಂದು ರವಿಕೆ ಕಣ, ಮುಯ್ಯಿ ಮಾಡುವಾಗ ಹೆಂಗಸರಿಗೆ ಕೊಡುತ್ತಾರಲ್ಲ ಅಂಥದು. ಒಳಗೆ ಐದು ಮುಷ್ಟಿ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿನದ ಕೊಂಬು, ಉತ್ತತ್ತಿ, ಅಡಿಕೆ.

ಶ್ವೇತಾ ಅದನ್ನು ಎತ್ತಿ ತೋರಿಸಿ ಅಂದಳು.

"ಸಾಹೇಬ್ರ, ಇದು ಉಡಿ. ಭೂಮಿತಾಯಿಗೆ ಉಡಿ ತುಂಬ್ಯಾರ."

ಅಂದಾನೆಪ್ಪನವರ ಹದಿನೆಂಟು ವರ್ಷದ ಸೇವೆಯಲ್ಲಿ ಕದ್ದ ಜಾಗದಲ್ಲಿ ಕಬ್ಬಿಣದ ಸಲಾಕೆ ಸಿಕ್ಕಿತ್ತು, ಬೀಡಿ ತುಂಡು ಸಿಕ್ಕಿತ್ತು, ಒಮ್ಮೆ ಕಳ್ಳನೇ ಮಲಗಿಕೊಂಡು ಸಿಕ್ಕಿದ್ದ. ಉಡಿ ತುಂಬಿ ಹೋದ ಕಳ್ಳ ಇವನೇ ಮೊದಲನೆಯವನು.

"ಕಂಪನಿ ಮಂದಿ ಇದನ್ನ ಮಾಡ್ತಾರೇನ್ರಿ ಮಾಸ್ತರ?"

ವಿರೂಪಾಕ್ಷಪ್ಪನವರ ಮುಖ ಸಣ್ಣದಾಗಿತ್ತು. "ಇಲ್ರಿ. ಈ ಅಡವಿ ಉಪಕಾರ ಗೊತ್ತಿದ್ದವರ ಮಾಡಿರಬೇಕು." ಅವರು ಹೊಳೆಮತ್ತಿ ಮರಗಳ ಕಡೆ ಕೈ ತೋರಿಸಿದರು. "ಹಿಂದ ಒಂದು ಸಲ ದೊಡ್ಡ ಹೊಳಿ ಬಂತ್ರಿ. ಆಚೀಚೆ ಊರಾಗ ಮನಿ ಹರಕೊಂಡು ಹೋದವು. ನಮ್ಮೂರಾಗ ಒಂದು ಕರಾನೂ ಹೋಗಲಿಲ್ಲ. ಈ ಗಿಡಗೋಳು ಸೆಳವು ತಡದು ನಿಲ್ಲಿಸಿದ್ವು. ನಾವು ಹೋರಾಟ ಅಂತ ಮಾಡಾಕತ್ತಿಲ್ರಿ, ಆ ಋಣ ನೆನಸಾಕತ್ತೇವಿ, ಅಷ್ಟ."

ಪಂಚನಾಮೆ ಮುಗಿದಾಗ 1.50. ಮಾಸ್ತರರು ಸಹಿ ಹಾಕಿದರು. ಕಳ್ಳ ತಮ್ಮೂರಿನವನೇ ಎಂದು ಅವರಿಗೆ ಅರ್ಥವಾಗಿತ್ತು.

ಮಂಗಳವಾರ ಹಾವೇರಿಯಲ್ಲಿ ಕೊಟ್ರೇಶನ ವಿಚಾರಣೆ. ಮೂವತ್ತರ ಆಸುಪಾಸಿನವನು, ಇಸ್ತ್ರಿ ಅಂಗಿ.

"ಭಾನುವಾರ ಎಲ್ಲಿದ್ರಿ?"

"ಹುಬ್ಬಳ್ಯಾಗರಿ. ಕಂಪನಿ ಮೀಟಿಂಗ್."

"ಸಾಕ್ಷಿ?"

"ಹದಿನೈದು ಮಂದಿ ಅದಾರ್ರಿ."

"ಮಡುವಿನಹಾಳದಾಗ ಯಾರು ಗುರ್ತು ನಿಮಗ?"

"ಯಾರೂ ಇಲ್ರಿ."

ಉತ್ತರ ಸ್ವಲ್ಪ ಬೇಗನೇ ಬಂತು. ಹುಬ್ಬಳ್ಳಿಗೆ ಫೋನ್ ಮಾಡಿ ಕೇಳಿದರು, ಮೀಟಿಂಗ್ ಮಾತು ಖರೇ ಇತ್ತು. ಅವನನ್ನು ಬಿಡಬೇಕಾಯಿತು. ಸರ್ವೆಗೆ ಮೂರು ದಿನ ಉಳಿದಿತ್ತು. ಮಾಸ್ತರರು ಮಧ್ಯಾಹ್ನ ಒಮ್ಮೆ, ಸಂಜೆ ಒಮ್ಮೆ ಫೋನ್ ಮಾಡಿ "ಏನರ ಗೊತ್ತಾತೇನ್ರಿ?" ಎಂದು ಕೇಳಿದರು.

ಸಂಜೆ ಶ್ವೇತಾ ಜಪ್ತಿಯಾದ ಕಣವನ್ನು ಮೇಜಿನ ಮೇಲೆ ಹರವಿದಳು.

"ಸಾಹೇಬ್ರ, ಮೂಲ್ಯಾಗ ಸಿಕ್ಕಾ ಐತಿ ನೋಡ್ರಿ. ಇಸಾಕಸಾಬ, ಅರಿವಿ ವ್ಯಾಪಾರ, ಬ್ಯಾಡಗಿ."

"ಆ ಅಂಗಡ್ಯಾಗ ದಿನಕ್ಕ ನೂರು ಕಣ ಮಾರ್ತಾರ," ಫಕ್ರುದ್ದೀನ ಅಂದ. "ಅದ್ರಾಗ ಇದನ್ನ ಯಾರು ಒಯ್ದ್ರು ಅಂತ ಹೆಂಗ ಹುಡುಕೂದವಾ?"

"ಹುಡುಕಾಕ ಬರತೈತ್ರಿ ಕಾಕಾ. ಗಂಡಸರಿಗೆ ಕಣ ಅಂದ್ರ ಅರಿವಿ ತುಂಡು. ಹೆಣ್ಮಕ್ಕಳು ಯಾವ ಕಣ ಯಾರು ಕೊಟ್ರು, ಯಾವ ಕಾರ್ಯದಾಗ ಕೊಟ್ರು ಅಂತ ಮರೆಯೂದಿಲ್ರಿ. ನಮ್ಮವ್ವನ ಟ್ರಂಕಿನಾಗ ನಲವತ್ತು ಅದಾವು. ನಲವತ್ತಕ್ಕೂ ಹೆಸರು ಹೇಳ್ತಾಳ."

ಫಕ್ರುದ್ದೀನ ಒಂದು ಕ್ಷಣ ಯೋಚಿಸಿ, ತನ್ನ ಮನೆಯ ಟ್ರಂಕೂ ಹಾಗೇ ಎಂದು ಒಪ್ಪಿಕೊಂಡ.

ಬುಧವಾರ ಬೆಳಿಗ್ಗೆ 10.20ಕ್ಕೆ ಬ್ಯಾಡಗಿ. ಮೆಣಸಿನಕಾಯಿ ಸುಗ್ಗಿ; ಊರೆಲ್ಲ ಘಾಟು. ಇಳಿಯುತ್ತಿದ್ದಂತೆ ಫಕ್ರುದ್ದೀನ ನಾಲ್ಕು ಸಲ ಸೀನಿದ. ಇಸಾಕಸಾಬ ಎಪ್ಪತ್ತರ ಮುದುಕ, ಕಣವನ್ನು ಬೆಳಕಿಗೆ ಹಿಡಿದು ನಕ್ಕೇಬಿಟ್ಟ.

"ಈ ಥಾನು ನನಗ ಗುರ್ತೈತ್ರಿ. ಹಸಿರಿನ ನಡುವ ಒಂದು ಕೆಂಪೆಳಿ ಕಾಣಸ್ತೈತಿ ನೋಡ್ರಿ. ನೇಯುವಾಗ ತಪ್ಪಿದ್ದು. ರವಿಕಿ ಹೊಲಿಸೋರಿಗೆ ಇದನ್ನ ಮಾರಾಕ ಬರೂದಿಲ್ಲ."

"ಮತ್ತ ಯಾರಿಗೆ ಮಾರಿದ್ರಿ?" ಅಂದಾನೆಪ್ಪ ಕೇಳಿದರು.

"ಕುಬಸದಾಗ ಹಂಚೋರಿಗೆ. ಅಂಥಾ ಕಣ ಯಾರ್ರೀ ಹೊಲಿಸ್ತಾರ? ಇವರು ಅವರಿಗೆ ಕೊಡ್ತಾರ, ಅವರು ಇನ್ನೊಬ್ಬರಿಗೆ. ಊರೂರು ತಿರಗತೈತಿ. ಇಡೀ ಥಾನು ಇಪ್ಪತ್ತು ಕಣ ಮಾಡಿ ಒಬ್ಬರಿಗೇ ಕೊಟ್ಟೆ. ಹಾವೇರಿ ಸುಶೀಲವ್ವಗ. ಸೊಸಿ ಕುಬಸಕ್ಕ, ಹೋದ ವರ್ಷದ ಹಿಂದಿನ ವರ್ಷ."

ಮಧ್ಯಾಹ್ನ 1.30ಕ್ಕೆ ಹಾವೇರಿಯಲ್ಲಿ ಸುಶೀಲವ್ವನ ಮನೆ. ಬಾಗಿಲಲ್ಲಿ ಪೊಲೀಸರು, ಪೊಲೀಸರ ಕೈಯಲ್ಲಿ ಕಣ. ಆಕೆಯ ಮುಖ ಬಿಳಿಚಿಕೊಂಡಿತು.

"ಕೆಂಪೆಳಿ ಬಂದೈತಿ ಅಂತ ಯಾರರ ಕಂಪ್ಲೇಂಟ್ ಕೊಟ್ಟಾರೇನವಾ?"

"ಇಲ್ರಿ ಅತ್ತಿ," ಶ್ವೇತಾ ನಗು ತಡೆದುಕೊಂಡಳು. "ಇದನ್ನ ಯಾರ್ಯಾರಿಗೆ ಕೊಟ್ರಿ, ಅಷ್ಟ ಹೇಳ್ರಿ."

ಸುಶೀಲವ್ವ ಕಣ್ಣು ಮುಚ್ಚಿದಳು. ಕುಬಸದ, ಅಂದರೆ ಸೀಮಂತದ ದಿನ ಪಡಸಾಲೆಯಲ್ಲಿ ಹೆಂಗಸರು ಕೂತ ಸಾಲನ್ನು ಬಾಗಿಲ ಕಡೆಯಿಂದ ಹಿಡಿದು ಒಂದೊಂದೇ ಹೆಸರು ಹೇಳಿದಳು. ಇಪ್ಪತ್ತಕ್ಕೆ ಇಪ್ಪತ್ತು. ಯಾರು ಮುಖ ಸಿಂಡರಿಸಿ ತಗೊಂಡರು ಎಂಬುದನ್ನೂ ಸೇರಿಸಿದಳು. ಇಷ್ಟು ಖಚಿತವಾದ ಸಾಕ್ಷಿ ಅಂದಾನೆಪ್ಪನವರಿಗೆ ಕೋರ್ಟಿನಲ್ಲೂ ಸಿಕ್ಕಿರಲಿಲ್ಲ.

"ಇವರಾಗ ಹೊಳಿದಂಡಿಗೆ, ಮಡುವಿನಹಾಳಕ್ಕ ಬಳಗ ಇದ್ದವರು ಯಾರ್ರೀ?"

"ಕರ್ಜಗಿ ಸೋಮಪ್ಪನ ಹೇಣ್ತಿ. ಆಕಿ ತಂಗೀನ ಅದ ಊರಿಗೆ ಕೊಟ್ಟಾರ."

ಗುರುವಾರ ಬೆಳಿಗ್ಗೆ 8.30, ಕರ್ಜಗಿ. ಸೋಮಪ್ಪನ ಹೆಂಡತಿ ಕಣವನ್ನು ಕಂಡ ಕೂಡಲೇ ಗುರುತು ಹಿಡಿದಳು.

"ಇದು ತಂಗಿ ಹೊಳಿಯವ್ವನ ಮಗಳಿಗೆ ಕೊಟ್ಟದ್ದು. ಕೂಸಿನ ತೊಟ್ಲಾ ಕಾರ್ಯದಾಗ."

"ಹೊಳಿಯವ್ವನ ಗಂಡ ಯಾರು?"

"ಗುಡದಪ್ಪ. ಟ್ರ್ಯಾಕ್ಟರ್ ಐತಲ್ರಿ, ಅವ."

ಫಕ್ರುದ್ದೀನ ಪುಸ್ತಕ ಮುಚ್ಚಲು ಹೋದ. ಆಕೆ ತಾನಾಗಿಯೇ ಮುಂದುವರಿಸಿದಳು.

"ಆ ಕೂಸು ಉಳದದ್ದ ದೊಡ್ಡದ್ರಿ. ಹಡಿಯೂ ಹೊತ್ತಿಗೆ ಹೊಳಿ ತುಂಬಿತ್ತು, ಬಸ್ಸು ಬಂದ್. ಹುಡುಗಿ ಅರ್ಧ ಸತ್ತಿದ್ಲು. ಜೀಪಿನವ ಒಬ್ಬ ದೇವರಂಗ ಬಂದು ನೀರಾಗ ಹಾಯಿಸಿ ದಾವಣಗೆರಿ ಮುಟ್ಟಿಸಿದ. ರಕ್ತಾನೂ ಅವನ ಕೊಟ್ಟ. ಒಂದು ಪೈಸೆ ಮುಟ್ಟಲಿಲ್ಲ."

"ಆ ಜೀಪಿನವನ ಹೆಸರು?"

"ಕೊಟ್ರೇಶ ಅಂತ. ಈಗ ಹಾವೇರ್ಯಾಗ ಯಾವುದೋ ಕಂಪನಿ ಸೇರ್ಯಾನಂತ."

ಊರಲ್ಲಿ ಯಾರೂ ಗುರುತಿಲ್ಲ ಎಂದಿದ್ದ ಕೊಟ್ರೇಶ. ಜೀಪು ಮಡುವಿನಹಾಳದ ಕಡೆ ತಿರುಗಿತು. ಕಳ್ಳ ಸಿಕ್ಕ ಸಂತೋಷ ಯಾರ ಮುಖದಲ್ಲೂ ಇರಲಿಲ್ಲ.

12.45ಕ್ಕೆ ಗುಡದಪ್ಪನ ಮನೆ. ಅಂಗಳದಲ್ಲಿ, ಅಜ್ಜನ ಮನೆಯಲ್ಲೇ ಬೆಳೆಯುತ್ತಿದ್ದ ಒಂದೂವರೆ ವರ್ಷದ ಮೊಮ್ಮಗಳು ಕೋಳಿ ಮರಿಯ ಹಿಂದೆ ಓಡುತ್ತಿದ್ದಳು. ಹೊಳಿಯವ್ವ ನೀರು ತಂದುಕೊಟ್ಟಳು. ಗುಡದಪ್ಪ ಕೈಕಟ್ಟಿ ನಿಂತ.

"ಭಾನುವಾರ ಮದುವಿಗೆ ಎಷ್ಟು ಸಲ ಹೋಗಿ ಬಂದಿ?" ಅಂದಾನೆಪ್ಪ ಕೇಳಿದರು.

"ಐದು ಸಲ್ರಿ."

"ತಿರುಗಿ ಬರುವಾಗ ಟ್ರೇಲರ್ ಖಾಲಿ?"

"ಹೌದ್ರಿ."

"ಕಾವಲು ಪಾಳಿಯವರಿಗೆ ನೀವೂ ಮದುವಿಗೆ ನಡೀರಿ ಅಂದವರು ಯಾರು?"

ಗುಡದಪ್ಪ ಕೂಸಿನ ಕಡೆ ನೋಡಿದ. ಶ್ವೇತಾ ಲಕೋಟೆಯಿಂದ ಕಣವನ್ನು ಹೊರತೆಗೆದಳು. ಹೊಳಿಯವ್ವ ಅದನ್ನು ನೋಡಿದಳು, ಗಂಡನನ್ನು ನೋಡಿದಳು, ಒಳಗೆ ಹೋಗಿ ಟ್ರಂಕು ತೆಗೆದಳು. ಟ್ರಂಕಿನ ಮುಚ್ಚಳ ಬಿದ್ದ ಸದ್ದು ಹೊರಗೆ ಕೇಳಿಸಿತು.

"ಕೂಸಿನ ಕಣ ರೀ ಅದು," ಬಾಗಿಲಿಗೆ ಬಂದು ಗಂಡನಿಗೆ ಅಂದಳು. "ಏನು ಮಾಡಿ ಬಂದ್ರಿ?"

ಗುಡದಪ್ಪ ಕಟ್ಟಿದ್ದ ಕೈ ಬಿಟ್ಟ.

"ನಾನ ಕಿತ್ತೀನ್ರಿ ಸಾಹೇಬ್ರ. ಸರಪಳಿ ಹಾಕಿ ಟ್ರ್ಯಾಕ್ಟರ್‌ಲೆ ಎಳದೆ."

"ಕೊಟ್ರೇಶ ಹೇಳಿದ್ನಾ?"

"ಹೋದ ವಾರ ಬಂದಿದ್ದ. ಸರ್ವೆ ದಿನ ಕಲ್ಲು ಇದ್ರ ನನ್ನ ನೌಕರಿ ಹೋಗತೈತಿ ಕಾಕಾ, ಮಡುವಿಗೆ ಹಾಕಿಬಿಡು ಅಂದ. ಕೂಸಿನ್ನ ಎತ್ತಿ ಆಡಿಸಿದ. ಮತ್ತೇನೂ ಅನ್ನಲಿಲ್ರಿ. ಅವಗ ನಾ ಏನಂತ ಇಲ್ಲ ಅನ್ನಲಿ?"

"ಅಡವಿ ಹೋಗತೈತಿ ಅಂತ ಗೊತ್ತಿತ್ತಲ್ಲ ನಿನಗ?"

"ಗೊತ್ತಿತ್ರಿ. ನಾಕು ದಿನ ಉಂಡಿಲ್ಲ."

"ಉಡಿ ತುಂಬಾಕ ಈ ಕಣಾನ ಯಾಕ ಹಾಕಿದಿ? ಟ್ರಂಕಿನಾಗ ಬ್ಯಾರೆ ಇರಲಿಲ್ಲೇನು?"

"ಇದ್ವರಿ. ಆದ್ರ ಈ ಕೂಸಿನ ಸಲುವಾಗಿ ಆ ಭೂಮಿತಾಯಿನ್ನ ಬಗದೇನಿ. ಕೂಸಿನ ಕಣಾನ ಹಾಕಬೇಕಿತ್ತಲ್ರಿ. ಬ್ಯಾರೆದು ಹಾಕಿದ್ರ ಅದು ಮೋಸ."

ಫಕ್ರುದ್ದೀನ ತಲೆ ತಗ್ಗಿಸಿ ಬರೆದುಕೊಂಡ. ಶ್ವೇತಾ ಕೋಳಿ ಮರಿಯ ಕಡೆ ನೋಡುತ್ತ ನಿಂತಳು.

"ಕಲ್ಲು ಎಲ್ಲಿ? ಮಡುವಿನಾಗ?" ಅಂದಾನೆಪ್ಪನವರ ಧ್ವನಿ ಸ್ವಲ್ಪ ಏರಿತ್ತು. ಮಡುವು ನಾಲ್ಕಾಳು ಆಳ. ನಾಳೆ ಮೂರು ಗಂಟೆಯೊಳಗೆ ಮೇಲೆತ್ತುವುದು ಯಾರಿಂದಲೂ ಆಗದ ಮಾತು.

"ಮಡುವಿನ ಮಟಾ ಒಯ್ದಿದ್ನಿರಿ. ಕೈ ಬರಲಿಲ್ಲ."

ಹಿತ್ತಲಿನ ಮೇವಿನ ಬಣವೆಯ ಹಿಂದೆ, ಹುಲ್ಲು ಸರಿಸಿದಾಗ ಕಲ್ಲು ಕಂಡಿತು. ಕದ್ದ ಮಾಲನ್ನು ಜನ ಮಲಗಿಸಿ ಮುಚ್ಚಿಡುತ್ತಾರೆ. ಇದು ನಿಂತಿತ್ತು. ಬುಡಕ್ಕೆ ಮಣ್ಣು ಒತ್ತಿ, ಮುಖ ಹೊಳೆಯ ಕಡೆಗೆ ಮಾಡಿ ನಿಲ್ಲಿಸಿದ್ದ. ಕೆಳಗೆ ಒಣಗಿದ ನಾಲ್ಕು ಕಣಗಿಲ ಹೂವು, ದಿನಕ್ಕೊಂದು. ಜಪ್ತಿ ಪಂಚನಾಮೆ ಮುಗಿದದ್ದು 3.40ಕ್ಕೆ. 4.00 ಗಂಟೆಗೆ ಗುಡದಪ್ಪನ ಬಂಧನ. ಅದೇ ಸಂಜೆ ಹಾವೇರಿಯಲ್ಲಿ ಕೊಟ್ರೇಶನ ಬಂಧನ, ಕಲಂ 109, ಪ್ರಚೋದನೆ. ಅವನು ವಾದ ಮಾಡಲಿಲ್ಲ. "ಕಾಕಾಗ ಹೊಡೀಬ್ಯಾಡ್ರಿ" ಎಂದಷ್ಟೇ ಹೇಳಿದ.

ಕಲ್ಲು ಈಗ ಮುದ್ದೇಮಾಲು, ಅಂದರೆ ಕೋರ್ಟಿನ ಸ್ವತ್ತು. ಅಂದಾನೆಪ್ಪ ಆ ರಾತ್ರಿಯೇ ವರದಿ ಬರೆಸಿ ಸಿದ್ಧಮಾಡಿದರು. ಶುಕ್ರವಾರ 11.10ಕ್ಕೆ ರಾಣೇಬೆನ್ನೂರು ನ್ಯಾಯಾಲಯ, ಕಲ್ಲನ್ನು ಮೂಲ ಸ್ಥಳದಲ್ಲೇ ಸಮಿತಿಯ ಸುಪರ್ದಿಗೆ ಇಡಲು ಆದೇಶ ಕೊಟ್ಟಿತು. ಟ್ರ್ಯಾಕ್ಟರ್ ಜಪ್ತಿಯಾಗಿದ್ದರಿಂದ ಕಲ್ಲು ಎತ್ತಿನ ಬಂಡಿಯಲ್ಲಿ ಬಂತು. ಸ್ಥಳ ತೋರಿಸಲು ಗುಡದಪ್ಪನನ್ನೂ ಕರೆತಂದಿದ್ದರು. ಊರವರು ಅವನ ಮುಖ ನೋಡಲಿಲ್ಲ. ಕಲ್ಲನ್ನು ಕುಳಿಗೆ ಇಳಿಸಿದಾಗ ಅದು ಸರಿಯಾಗಿ ಕೂರದೆ ವಾಲಿತು.

"ಒಂದೀಟು ಎಡಕ್ಕ ತಿರುವ್ರಿ," ಗುಡದಪ್ಪ ಮೆಲ್ಲಗೆ ಅಂದ. "ಕೆಳಗ ಬೇರು ಐತಿ."

ಎಡಕ್ಕೆ ತಿರುಗಿಸಿದರು. ಕಲ್ಲು ಕೂತಿತು. ಅದಕ್ಕೆ ಮೊದಲು ಹೊಳಿಯವ್ವ ಬೇರೊಂದು ಕಣ ತಂದು ಕುಳಿಯಲ್ಲಿ ಉಡಿ ತುಂಬಿದ್ದಳು. ಊರಿನ ಹೆಂಗಸರೆಲ್ಲ ಒಂದೊಂದು ಹಿಡಿ ಅಕ್ಕಿ ಹಾಕಿದ್ದರು. ಯಾರೂ ಆಕೆಗೆ ಬೇಡ ಅನ್ನಲಿಲ್ಲ. 3.05ಕ್ಕೆ ಸರ್ವೆಯವರು ಬಂದು ಅಳತೆ ಹಾಕಿದರು. ಶಾಸನದ ಕಲ್ಲು ಸ್ಥಳದಲ್ಲಿದೆ ಎಂದು ನಕ್ಷೆಯಲ್ಲಿ ಗುರುತು ಮಾಡಿ, ಎಲ್ಲರ ಎದುರಿಗೆ ಓದಿ ಹೇಳಿದರು. ವಿರೂಪಾಕ್ಷಪ್ಪ ಮಾಸ್ತರರು ಪೊಲೀಸರಿಗೆ ಕೈಮುಗಿಯಲು ಬಂದರು. ಅಂದಾನೆಪ್ಪ ಅವರ ಕೈ ಹಿಡಿದು ಇಳಿಸಿ, "ಕೈಮುಗಿಯೂದಾದ್ರ ಹಾವೇರಿಯಿಂದ ಕರ್ಜಗಿ ಮಟಾ ಆ ಹೆಣ್ಮಕ್ಕಳಿಗೆ ಮುಗೀರಿ, ಮೊದಲು ನಮ್ಮ ಶ್ವೇತಾಗ" ಎಂದರು. ಶ್ವೇತಾ ಜೀಪಿನ ಹಿಂದೆ ಹೋಗಿ ನಿಂತಳು.

20ನೇ ತಾರೀಖು, ಸೋಮವಾರ. ನ್ಯಾಯಾಲಯ ಗುಡದಪ್ಪನಿಗೆ ಒಬ್ಬರ ಜಾಮೀನಿನ ಮೇಲೆ ಬಿಡುಗಡೆ ಕೊಟ್ಟಿತು. ಜಾಮೀನುದಾರ ಹೊಲದ ಉತಾರ, ಅಂದರೆ ಪಹಣಿ ಹಿಡಿದು ಮುಂದೆ ಬಂದಾಗ ನ್ಯಾಯಾಧೀಶರು ಕಾಗದವನ್ನು ಎರಡು ಸಲ ನೋಡಿದರು.

"ವಿರೂಪಾಕ್ಷಪ್ಪ. ನೀವು ಈ ಕೇಸಿನ ಫಿರ್ಯಾದುದಾರರಲ್ಲವೇ?"

"ಹೌದ್ರಿ."

"ಹಾಗಾದರೆ ಜಾಮೀನು ಯಾಕೆ?"

"ಕಂಪ್ಲೇಂಟ್ ಕೊಟ್ಟದ್ದು ಕಲ್ಲು ಕಿತ್ತದ್ದಕ್ಕರಿ." ಮಾಸ್ತರರು ಕನ್ನಡಕ ತೆಗೆದು ಒರೆಸಿಕೊಂಡರು. "ಜಾಮೀನು ಅದನ್ನ ಮಡುವಿಗೆ ಹಾಕದ ಉಳಿಸಿದ್ದಕ್ಕರಿ. ಅವ ಹಾಕಿದ್ರ ನಮ್ಮ ಅಡವಿ ಇವತ್ತ ಇರತಿರಲಿಲ್ಲ. ಅದನ್ನ ಮರತ್ರ ನಾವು ಹುಡುಗರಿಗೆ ಏನು ಕಲಿಸಿದಂಗಾತ್ರಿ?"

ಹೊರಗೆ ಬಂದ ಗುಡದಪ್ಪ ಮಾಸ್ತರರ ಕಾಲು ಮುಟ್ಟಲು ಬಗ್ಗಿದ. ಆಮೇಲೆ ಅಂದಾನೆಪ್ಪನವರ ಹತ್ತಿರ ಬಂದ.

"ಸಾಹೇಬ್ರ, ಆ ಹಸಿರು ಕಣ ತಿರುಗಿ ಸಿಗತೈತೇನ್ರಿ?"

"ಕೇಸ್ ಮುಗಿದ ಮ್ಯಾಲೆ ಕೋರ್ಟಿಗೆ ಅರ್ಜಿ ಕೊಡು. ಕೊಡ್ತಾರ."

"ಲಗೂ ಮುಗೀಲಿರಿ. ಶಿಕ್ಷಾ ಆದ್ರೂ ಆಗಲಿ. ಕೂಸು ದೊಡ್ಡಾಕಿ ಆಗೂದ್ರೊಳಗ ಟ್ರಂಕಿನಾಗ ಇಡಬೇಕು."

ಅಂದು ಸಂಜೆ ಅಂದಾನೆಪ್ಪ ಕೇಸ್ ಡೈರಿ ಬರೆಯಲು ಕೂತರು. ಕೃತ್ಯದ ಉದ್ದೇಶ ಎಂಬಲ್ಲಿ ಬೇರೆ ಕೇಸುಗಳಲ್ಲಿ ಹಣದಾಸೆ, ಹಳೆ ದ್ವೇಷ ಎಂದು ಬರೆದು ಅವರ ಕೈಗೆ ಅಭ್ಯಾಸ. ಈ ಸಲ, ಮಗಳ ಮತ್ತು ಮೊಮ್ಮಗಳ ಜೀವ ಉಳಿಸಿದವನ ಉಪಕಾರ ತೀರಿಸುವುದಕ್ಕಾಗಿ ಎಂದು ಬರೆದರು. ಅದರ ಕೆಳಗೆ ಯಾವ ನಿಯಮವೂ ಕೇಳದ ಇನ್ನೊಂದು ಸಾಲು ಸೇರಿಸಿದರು: ಕಲ್ಲು ಸಿಕ್ಕಾಗ ನಿಂತಿತ್ತು, ಮುಖ ಹೊಳೆಯ ಕಡೆಗಿತ್ತು.